ನನ್ನ ಮೂಗು ನೋಡ್ರಿ, ಸರ್

"ಯಾರನ್ನ ಸೇರಿಸಬೇಕ್ರಿ, ಮಗನ್ನೋ ಮಗಳನ್ನೋ?"

ಕೂಡ್ಲಿಗಿಯ ಹಳೇ ಶೇಂಗಾ ಗೋದಾಮಿನ ಬಾಗಿಲಲ್ಲಿ ನಿಂತಿದ್ದ ಸುಜಾತಾಳಿಗೆ ಅಲ್ಲಿ ಬಾಕ್ಸಿಂಗ್ ಕಲಿಸುವ ಕೋಚ್ ಹುಲುಗೇಶ ಆಡಿದ ಮೊದಲ ಮಾತು ಅದು.

"ನಂದು ಮದುವೀನೇ ಆಗಿಲ್ಲರಿ. ನಾನೇ ಸೇರಾಕ ಬಂದೀನಿ."

ಅವನು ತಲೆ ತಗ್ಗಿಸಿ ರಿಜಿಸ್ಟರ್ ತೆಗೆದ. ಅವಳ ಹೆಸರು ಬರೆಯುವಾಗ ಎರಡು ಸಲ ಕಾಟು ಹೊಡೆದ.

ಸುಜಾತಾ ತಾಲೂಕು ಆಸ್ಪತ್ರೆಯಲ್ಲಿ ನೇತ್ರ ಸಹಾಯಕಿ. ವಯಸ್ಸು ಮೂವತ್ತು, ತೂಕ ಎಂಬತ್ತೆರಡು. ಹಿಂದಿನ ವಾರ ಪೊರೆ ತೆಗೆಸಿಕೊಂಡಿದ್ದ ಗಾದೆಮ್ಮಜ್ಜಿ ತಪಾಸಣೆಗೆ ಬಂದಿದ್ದಳು. ಹೆಂಗೆ ಕಾಣಿಸುತ್ತೆ ಅಂತ ಕೇಳಿದರೆ, "ಚಲೋ ಕಾಣ್ತೈತವ್ವ. ನೀ ಇಷ್ಟು ದಪ್ಪ ಅದೀ ಅಂತ ಇವತ್ತೇ ಗೊತ್ತಾತು" ಅಂದುಬಿಟ್ಟಳು. ಆಸ್ಪತ್ರೆಯವರೆಲ್ಲ ನಕ್ಕರು. ಸುಜಾತಾಳೂ ನಕ್ಕಳು. ಮನೆಗೆ ಹೋದ ಮೇಲೆ ಮಾತ್ರ ಊಟ ಸೇರಲಿಲ್ಲ.

ಮೊದಲ ದಿನ ಹಗ್ಗದಾಟ ಇಪ್ಪತ್ತು ಮುಟ್ಟುವಷ್ಟರಲ್ಲಿ ಅವಳು ಗೋಡೆಗೆ ಒರಗಿ ಕೂತಳು. ಹುಲುಗೇಶ ನಗಲಿಲ್ಲ. "ನಾಳೆ ಇಪ್ಪತ್ತೊಂದು ಮಾಡ್ರಿ, ಸಾಕು" ಅಂದ. ಅದಕ್ಕೇ ಅವಳು ಮರುದಿನವೂ ಹೋದಳು.

ಗ್ಲೌಸ್ ಹಾಕುವ ಮುಂಚೆ ಕೈಗೆ ಪಟ್ಟಿ ಸುತ್ತಬೇಕು. ಅವನೇ ಸುತ್ತುತ್ತಿದ್ದ. ಮಣಿಕಟ್ಟಿಗೆ ಮೂರು ಸುತ್ತು, ಬೆರಳ ಸಂದಿಯಲ್ಲಿ ಒಂದೊಂದು. ಕಣ್ಣು ಪಟ್ಟಿಯ ಮೇಲೆ ಇರುತ್ತಿತ್ತು, ಅವಳ ಮುಖದ ಕಡೆ ಏಳುತ್ತಿರಲಿಲ್ಲ.

"ಬಿಗಿ ಆತೇನ್ರಿ?"

"ಇಲ್ಲ."

ಎರಡನೇ ವಾರಕ್ಕೇ ಅವಳು ಸುತ್ತಿಕೊಳ್ಳುವುದು ಕಲಿತಿದ್ದಳು. ಆದರೂ ಕೈ ಚಾಚುತ್ತಿದ್ದಳು. ಒಂದು ದಿನ ಜತೆಗೆ ಕಲಿಯುತ್ತಿದ್ದ ಗೆಳತಿ ನಾಗರತ್ನಳಿಗೆ ಚಕಚಕನೆ ಪಟ್ಟಿ ಸುತ್ತಿಕೊಡುತ್ತಿರುವಾಗ ತಲೆ ಎತ್ತಿದರೆ ಹುಲುಗೇಶ ನೋಡುತ್ತಾ ನಿಂತಿದ್ದ. ಮರುದಿನ ಅವಳು ನಾಚಿಕೊಂಡು ದೂರ ನಿಂತರೆ ತಾನೇ ಬಂದು, "ಕೈ ಕೊಡ್ರಿ, ಮೇಡಂ" ಅಂದ. ಆ ಸಲ ಪಟ್ಟಿ ಸುತ್ತಲು ತುಸು ಹೆಚ್ಚೇ ಹೊತ್ತು ಹಿಡಿಯಿತು.

ನಾಲ್ಕು ತಿಂಗಳಲ್ಲಿ ಎಂಟು ಕೆ.ಜಿ. ಇಳಿಯಿತು.

ಒಂದು ಸೋಮವಾರ ಅವಳು ಪಕ್ಕದಿಂದ ಬೀಸಿದ ಬಲಗೈ ಹುಕ್ ಅವನು ಹಿಡಿದ ಪ್ಯಾಡಿಗೆ ಬೀಳದೆ ಸೀದಾ ಅವನ ಎಡಗೆನ್ನೆಗೆ ಬಿತ್ತು. "ಜೋರು ಅದೀರಿ" ಅಂತ ನಕ್ಕ. ಬುಧವಾರವೂ ಹಾಗೇ ಆಯಿತು. ಶುಕ್ರವಾರ ಮೂರನೇ ಸಲ ಆದಾಗ ಸುಜಾತಾ ಗ್ಲೌಸ್ ಬಿಚ್ಚಿದಳು.

"ಸರ್, ಕುಂದರ್ರಿ."

ಅವನೆದುರು ಮೊಣಕಾಲೂರಿ ಕೂತು ಅಂಗೈಯಿಂದ ಅವನ ಬಲಗಣ್ಣು ಮುಚ್ಚಿದಳು. "ನನ್ನ ಮೂಗು ನೋಡ್ರಿ. ಬೆರಳು ಕಂಡ ಕೂಡ್ಲೇ ಹೇಳ್ರಿ."

"ಮೂಗುಬೊಟ್ಟು ಹೊಸಾದೇನ್ರಿ?"

"ಸರ್, ಬೆರಳು."

ಎಡಗಡೆಯಿಂದ ಬೆರಳು ತಂದಳು. ಅವನ ಕಿವಿ ದಾಟಿತು, ಕಣ್ಣಿನ ಹತ್ತಿರ ಬಂತು. ಅವನು ಸುಮ್ಮನಿದ್ದ. ಬೆರಳು ಅವಳ ಮೂಗನ್ನೇ ಮುಟ್ಟುವ ಹೊತ್ತಿಗೆ, "ಹಾಂ, ಬಂತು" ಅಂದ.

"ಮಿಂಚು ಹೊಡದಂಗ ಆಗಿತ್ತೇನ್ರಿ?"

"ಹತ್ತು ದಿನ ಆತು. ಆಮ್ಯಾಲೆ ಪರದೆ ಇಳಿಬಿಟ್ಟಂಗ ಐತಿ. ಯಾರಿಗೂ ಹೇಳಬ್ಯಾಡ್ರಿ. ಕಣ್ಣಿಲ್ಲದ ಕೋಚ್ ಹತ್ರ ಯಾರು ಬರ್ತಾರ?"

"ಕಣ್ಣಿನ ಒಳಗಿನ ಪದರ ಬಿಟ್ಟೈತಿ. ನಡುವಿನ ಭಾಗ ಇನ್ನೂ ಹಿಡಕೊಂಡಂಗೈತಿ, ಅದೂ ಬಿಟ್ರ ದೃಷ್ಟಿ ಹೋಗ್ತೈತಿ. ಇವತ್ತೇ ದಾವಣಗೆರೆಗೆ ಹೋಗಬೇಕು."

"ನಾಳೆ ಹಗರಿಬೊಮ್ಮನಹಳ್ಳಿಯಾಗ ಬ್ಯಾಚ್ ಐತ್ರಿ."

"ಅದು ನಾಳೆ ತನಕ ಕಾಯಂಗಿಲ್ಲ."

ಅವನು ತಲೆ ಎತ್ತಿ ನೋಡಿದ. ಅವಳ ಕಣ್ಣು ತುಂಬಿತ್ತು. ಮತ್ತೆ ವಾದ ಮಾಡಲಿಲ್ಲ. ಅವಳು ರಜೆ ಹಾಕಿ ಜತೆಗೇ ಬಸ್ ಹತ್ತಿದಳು. ಮರುದಿನವೇ ಆಪರೇಷನ್ ಆಯಿತು.

ಕಣ್ಣಲ್ಲಿ ಗ್ಯಾಸ್ ತುಂಬಿದ್ದಾರೆ, ಹತ್ತು ದಿನ ಮುಖ ನೆಲಕ್ಕೆ ಮಾಡಿಕೊಂಡೇ ಇರಬೇಕು ಅಂದರು ಡಾಕ್ಟರು. ಸುಜಾತಾ ದಿನಾ ಡ್ಯೂಟಿ ಮುಗಿಸಿ ಅವನ ಮನೆಗೆ ಹೋಗಿ ಡ್ರಾಪ್ಸ್ ಹಾಕುತ್ತಿದ್ದಳು. ಮಂಚದ ಅಂಚಿಗೆ ಹಣೆ ಕೊಟ್ಟು ಬೋರಲು ಮಲಗಿದವನ ಬೆನ್ನಿಗೇ ಮಾತು.

ಆರನೇ ದಿನ ಅವನು ನೆಲಕ್ಕೇ ಹೇಳಿದ: "ಕಣ್ಣು ಉಳಿತಂತ. ಆದ್ರ ಇನ್ನ ಹೊಡ್ತ ತಿನ್ನಂಗಿಲ್ಲ, ಪ್ಯಾಡ್ ಹಿಡಿಯಂಗಿಲ್ಲ. ದೂರ ನಿಂತು ಹೇಳಿಕೊಡೋದಷ್ಟೇ. ನೀವು ಬಳ್ಳಾರಿಯಾಗ ಬ್ಯಾರೆ ಕೋಚ್ ನೋಡ್ಕೊಳ್ರಿ."

"ಅಷ್ಟೇ ಏನ್ರಿ ಹೇಳೋದು?"

"ಇನ್ನೊಂದೈತಿ. ಮುಖ ನೋಡಿ ಹೇಳಬೇಕಂತಿದ್ದೆ. ಹಿಂಗ ಬಿದ್ದೀನಿ."

ಸುಜಾತಾ ಚಾಪೆ ಎಳೆದು ಮಂಚದ ಅಂಚಿನ ಕೆಳಗೆ ಹಾಸಿ ಅಂಗಾತ ಮಲಗಿದಳು. ಮೇಲೆ, ಮೊಳದಷ್ಟು ದೂರದಲ್ಲಿ, ಅವನ ಮುಖ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಅವಳನ್ನು ಕಂಡು ಅಗಲವಾಯಿತು.

"ಈಗ ಹೇಳ್ರಿ."

"ನೀವು ಬರದ ದಿನ ಕ್ಲಾಸ್ ಜಲ್ದಿ ಬಿಟ್ಟು ಮನಿಗೆ ಹೋಗ್ತಿದ್ದೆ. ಕಲಿಸಾಕ ಮನಸೇ ಆಗ್ತಿರಲಿಲ್ಲ. ಈಗ ಇಂಥಾ ಕಣ್ಣಿಟ್ಕೊಂಡು ಕೇಳಬಾರದು. ಆದ್ರೂ ಕೇಳಾಕತ್ತೀನಿ. ನನ್ನ ಮದುವಿ ಆಗ್ತೀರೇನು?"

"ಕಣ್ಣು ನನಗ ಬಿಡ್ರಿ. ಅದು ನನ್ನ ಕೆಲಸ," ಅಂದಳು ಸುಜಾತಾ. "ಉಳಿದ ನೀವು ಸಾಕು."

ಅಷ್ಟರಲ್ಲಿ ಅವನ ತಾಯಿ ಪಂಪಮ್ಮ ಚಹಾ ತಂದು ಹೊಸ್ತಿಲಲ್ಲೇ ನಿಂತಳು. ಮಗ ಮಂಚದ ಮೇಲೆ ಬೋರಲು, ಆಸ್ಪತ್ರೆಯ ಹುಡುಗಿ ನೆಲದ ಮೇಲೆ ಅಂಗಾತ.

"ಯವ್ವಾ, ನಿನಗೇನಾತು? ಬಿದ್ಯೇನು?"

ಇಷ್ಟು ದಿನ ದೊಡ್ಡಮ್ಮ ಅನ್ನುತ್ತಿದ್ದ ಸುಜಾತಾ ಏಳಲಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿದಳು.

"ಇಲ್ಲರಿ ಅತ್ತಿ. ಚಹಾ ಇಲ್ಲೇ ಇಡ್ರಿ."