ಎಂಜಿನ್ ಇಲ್ಲದ ಲಾರಿ ಓಡಿದ ದೂರ

ಇಪ್ಪತ್ತೆರಡು ವರ್ಷದಿಂದ ಟ್ರೈಲರ್ ಓಡಿಸ್ತಿದ್ದೀನಿ, ಇನ್ನೊಬ್ಬರ ಸಾಮಾನಿಗೆ ಒಂದು ಗೀರೂ ಬೀಳಿಸಿದವನಲ್ಲ. ಅಂಥವನನ್ನು ಆ ಮುದುಕ ಹಾಡುಹಗಲೇ ಕಳ್ಳನ ಹಾಗೆ ನಿಲ್ಲಿಸಿಕೊಂಡ.

ಅವತ್ತಿನ ಲೋಡು ಅವನು ಕೊಂಡಿದ್ದ ಒಂದು ಹಳೇ ಲಾರಿ, ನಮ್ಮಪ್ಪನಿಗಿಂತ ಹಿರಿಯದು. ಹಳೇ ಲಾರಿ ಅಂದರೆ ನನಗೂ ಪ್ರಾಣ. ಎಂಜಿನ್ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಲಾರಿಯನ್ನ ಟ್ರೈಲರ್ ಮೇಲೇರಿಸಿ ಚಕ್ರಗಳಿಗೆ ನಾನೇ ಸರಪಳಿ ಬಿಗಿದೆ, ಯಾವಾಗಿನಂತೆ ಅದರ ಕಿಲೋಮೀಟರ್ ಮೀಟರಿನ ಫೋಟೊ ತೆಗೆದುಕೊಂಡೆ.

ಸರಪಳಿ ನೋಡೋಕೆ ಅಂತ ಮೊದಲ ಸಲ ನಿಲ್ಲಿಸಿದಾಗ ಹಳೇ ಲಾರಿಯ ಸೀಟು ಬೆಚ್ಚಗಿತ್ತು. ಬಿಸಿಲಿಗೆ ಅಂದುಕೊಂಡೆ. ಎರಡನೇ ಸಲ, ತೊಟ್ಟು ನೀರಿಲ್ಲದ ರೇಡಿಯೇಟರ್ ತಗಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಸರಪಳಿ ಮಾತ್ರ ಕಟ್ಟಿದ ಹಾಗೇ ಇತ್ತು.

ತಲುಪಿದ ಮೇಲೆ ಮುದುಕ ನನ್ನ ಫೋಟೊಗೂ ಮೀಟರಿಗೂ ತಾಳೆ ನೋಡಿದ. "ಇನ್ನೂರ ನಲವತ್ತು ಕಿಲೋಮೀಟರ್ ಓಡಿಸಿದ್ದೀಯಲ್ಲಯ್ಯ."

"ಎಂಜಿನ್ನೇ ಇಲ್ಲದ್ದನ್ನ ಹೇಗೆ ಓಡಿಸಲಿ ಯಜಮಾನ್ರೇ? ನಾನು ಬಂದಿರೋ ದಾರಿನೇ ಇನ್ನೂರ ಹನ್ನೆರಡು. ಮಿಕ್ಕ ಇಪ್ಪತ್ತೆಂಟು ನಿಮ್ಮ ಅಂಗಳದಲ್ಲಿ ಸುತ್ತು ಹಾಕಿದ್ನಾ?"

ಅವನು ಮೀಟರಿನ ಗಾಜನ್ನು ಬೆರಳಲ್ಲಿ ಒರೆಸಿದ. "ಅಣೆಕಟ್ಟು ಕಟ್ಟೋಕೆ ಮುಂಚೆ ಇಲ್ಲಿಗೆ ಇನ್ನೂರ ನಲವತ್ತೇ ಆಗ್ತಿತ್ತು. ಕೆಳಗಿನ ಊರು ಬಳಸಿಕೊಂಡು ಬರಬೇಕಿತ್ತು."

ಆ ಊರು, ಆ ದಾರಿ ಎರಡೂ ನೀರಲ್ಲಿ ಮುಳುಗಿ ಮೂವತ್ತು ವರ್ಷವಾಯಿತು. ಇಷ್ಟಾದರೂ ಆ ಮನುಷ್ಯನ ಬಾಯಿಂದ ತಪ್ಪಾಯಿತು ಅನ್ನೋ ಒಂದು ಮಾತು ಬರಲಿಲ್ಲ. ಬದಲಿಗೆ ಬಕೆಟ್ ತಂದು ನನ್ನ ಮುಂದಿಟ್ಟ.

"ನನ್ನ ಲಾರಿ ಟೈರಿಗೆ ಮೆತ್ತಿರೋ ಹಸಿ ಕೆಸರನ್ನಾದರೂ ತೊಳೆದು ಹೋಗು."

ದಾರಿಯುದ್ದಕ್ಕೂ ಒಂದು ಹನಿ ಮಳೆ ಬಿದ್ದಿರಲಿಲ್ಲ. ತೊಳೆದವನು ನಾನೇ.