ಪೆರ್ನಾಲ್ ಚಂದ್ರನ ಸಾಕ್ಷಿ

ರಂಜಾನಿನ ಇಪ್ಪತ್ತೊಂಬತ್ತನೇ ಉಪವಾಸದ ಬೆಳಿಗ್ಗೆ ನೇತ್ರಾವತಿಯ ಮೇಲೆ ಮಂಜು ದಟ್ಟವಾಗಿ ಕವಿದು, ಪಾಣೆಮಂಗಳೂರಿನ ಸೇತುವೆ ಅರ್ಧಕ್ಕೇ ಮುಗಿದಂತೆ ಕಾಣುತ್ತಿತ್ತು. ಅದನ್ನು ದಾಟಿ ಸಫಿಯಮ್ಮನ ಮನೆಗೆ ಹೋದೆ. ತೀರಿಹೋದ ಅವರ ಗಂಡ ಚಂದ್ರನನ್ನೂ ಗ್ರಹಗಳನ್ನೂ ನೋಡಲು ಇಟ್ಟುಕೊಂಡಿದ್ದ ಉದ್ದ ಕೊಳವೆಯ ದೂರದರ್ಶಕವನ್ನು ನಾನು ಕೊಳ್ಳುವುದೆಂದು ಮಾತಾಗಿತ್ತು.

“ಜಾಗ್ರತೆ ಮೋನೇ,” ಎಂದರು ಅವರು, ಮಗನನ್ನು ಕರೆಯುವಂತೆ. “ನನ್ನ ಮುಖಕ್ಕಿಂತ ಹೆಚ್ಚು ಅವರು ನೋಡಿದ್ದು ಇದರಲ್ಲಿಯೇ.”

ಸಂಜೆ ಉಪವಾಸ ಬಿಟ್ಟು, ದೂರದರ್ಶಕ ಹಿಡಿದು ನಮ್ಮ ಮನೆಯ ತಾರಸಿಗೆ ಹೋದೆ. ಚಂದ್ರನನ್ನು ಕಂಡೆವೆಂದು ಇಬ್ಬರು ಸಾಕ್ಷಿ ಹೇಳಿದರೆ ಮಾತ್ರ ನಾಳೆ ಪೆರ್ನಾಲ್ ಹಬ್ಬ. ಒಬ್ಬರು ಆಗಲೇ ಹೇಳಿದ್ದರು. ಮಸೀದಿಯ ಧರ್ಮಗುರು ಖತೀಬರು ಎರಡನೇ ಸಾಕ್ಷಿಯಾಗಿ ನನ್ನ ಮಾತಿಗೆ ಕಾಯುತ್ತಿದ್ದರು.

ಕಣ್ಣಿಟ್ಟೆ. ಕೂದಲೆಳೆಯಂಥ ಚಂದ್ರ ಸ್ಪಷ್ಟವಾಗಿ ಕಾಣಿಸಿದ. ಕಣ್ಣಿಡುವ ಜಾಗ ಮಾತ್ರ ಬೆಚ್ಚಗಿತ್ತು, ಈಗಷ್ಟೇ ಯಾರೋ ಮುಖ ತೆಗೆದಂತೆ. ಒರೆಸಿ ಮತ್ತೆ ನೋಡಿದೆ. ಚಂದ್ರನೂ ಇದ್ದ, ಆ ಬಿಸಿಯೂ ಇತ್ತು.

ಚಹಾ ತಂದ ಹೆಂಡತಿ ರಾಫಿಯಾ ನಕ್ಕಳು. “ಮುಚ್ಚಳ ತೆಗೆಯದೆ ಎಂಥ ನೋಡುವುದು ಮಾರಾಯ್ರೆ?”

ಎದುರಿನ ಮಸೂರದ ಮೇಲೆ ಕಪ್ಪು ಮುಚ್ಚಳ ಬಿಗಿಯಾಗಿ ಕೂತಿತ್ತು. ಅದನ್ನು ತೆಗೆದು ನೋಡಿದರೆ ಬರೀ ಮೋಡ.

ಖತೀಬರ ಫೋನ್ ಬಂತು. “ಕಂಡಿತಾ? ಜನ ಕಾಯ್ತಾ ಇದ್ದಾರೆ.”

“ನನ್ನ ಕಣ್ಣಿಗೇ ಕಂಡದ್ದು ಅಂತ ಹೇಳ್ಲಿಕ್ಕೆ ಆಗುವುದಿಲ್ಲ ಉಸ್ತಾದ್,” ಎಂದೆ. ಅಲ್ಲಾಹನ ಹೆಸರಿನಲ್ಲಿ ಹೇಳುವ ಮಾತಿಗೆ ನನ್ನದಲ್ಲದ ನೋಟ ಸಾಲದು. ಊರು ಮೂವತ್ತನೇ ಉಪವಾಸ ಹಿಡಿಯಿತು.

ಹಬ್ಬದ ನಮಾಜು ಮುಗಿಸಿ, ದೂರದರ್ಶಕ ಹೊತ್ತು ಸಫಿಯಮ್ಮನಲ್ಲಿಗೆ ಹೋದೆ. ಅವರು ಕಾರಣ ಕೇಳಲಿಲ್ಲ. “ಅವರಿಗೆ ಚಂದ್ರ ಕಂಡಿತಾ ಮೋನೇ?” ಎಂದಷ್ಟೇ ಕೇಳಿದರು.

ಕಣ್ಣಿಡುವ ಬೆಚ್ಚಗಿನ ತುದಿ ಅವರತ್ತ ಬರುವಂತೆ ತಿರುಗಿಸಿ ಅದನ್ನು ಅವರ ಕೈಗೆ ಕೊಟ್ಟೆ.