ಹತ್ತು ಡಿಗ್ರಿಯ ಜಗಳ

"ಓವನ್ ಮುಟ್ಟೋಕೆ ನಿಮಗೆ ಯಾರ್ರೀ ಹೇಳಿದ್ದು?"

ಲ್ಯಾಬಿನಿಂದ ಬಂದಿದ್ದ ಅವಳ ಕೂಗಿಗೆ ಇಡೀ ಕಾರ್ಖಾನೆ ತಿರುಗಿ ನೋಡಿತು. ಸೂಪರ್‌ವೈಸರ್ ಮಾತ್ರ ಕೈಗವಸು ಕಳಚುತ್ತ ತಣ್ಣಗೆ ನಕ್ಕ.

"ಓವನ್ ಮುಟ್ಟೋದೇ ನನ್ನ ಕೆಲ್ಸ ಮೇಡಂ."

ಎಂಥ ಕೊಬ್ಬು!

ನಾಲ್ಕು ವರ್ಷ ಲ್ಯಾಬಿನಲ್ಲಿ ಜೀವ ತೇಯ್ದು ಅವಳು ಕಾರ್ಬನ್ ಫೈಬರ್ ಮಾಡುವ ಹೊಸ ವಿಧಾನ ಕಂಡುಹಿಡಿದಿದ್ದಳು. ಬಿಳಿ ದಾರ ಓವನ್‌ಗಳನ್ನೆಲ್ಲ ದಾಟಿ, ಕಪ್ಪಾಗಿ, ಉಕ್ಕಿಗಿಂತ ಗಟ್ಟಿಯಾಗಿ ಹೊರಬರಬೇಕು. ಲ್ಯಾಬಿನಲ್ಲಿ ನಾಲ್ಕೇ ಎಳೆ. ಇಲ್ಲಿ ಸಾವಿರಾರು ಎಳೆಗಳ ಕಟ್ಟು. ಇಂದಿನ ಪರೀಕ್ಷೆ ಕೆಟ್ಟರೆ ಅವಳ ಶ್ರಮವೆಲ್ಲ ಕಪಾಟು ಸೇರುತ್ತದೆ. ಅಂಥದ್ದರಲ್ಲಿ ಈ ಮನುಷ್ಯ ಶಾಖವನ್ನು ಹತ್ತು ಡಿಗ್ರಿ ಇಳಿಸಿದ್ದ!

"ಇಷ್ಟೊಂದು ಎಳೆ ಒಟ್ಟಿಗೆ ಹೋದ್ರೆ..."

"ನಿಮ್ಮ ಪಾಠ ಬೇಡ!"

ಅವಳೇ ಗುಂಡಿ ಒತ್ತಿ ಶಾಖ ಏರಿಸಿದಳು.

ಅರ್ಧ ಗಂಟೆಯೂ ಆಗಿರಲಿಲ್ಲ, ಓವನ್‌ನಿಂದ ಹೊಗೆ ಎದ್ದಿತು. ಅವನು ಓಡಿಹೋಗಿ ಆರಿಸುವಷ್ಟರಲ್ಲಿ ದಾರವೆಲ್ಲ ಸುಟ್ಟು ಪುಡಿಪುಡಿ.

ಆಗ ಅವಳಿಗೆ ಹೊಳೆಯಿತು. ಬಿಸಿಯಾಗುವಾಗ ಎಳೆ ತಾನೂ ಶಾಖ ಬಿಡುತ್ತದೆ. ಲ್ಯಾಬಿನಲ್ಲಿ ಅದು ಗಾಳಿಗೆ ಹೋಗುತ್ತಿತ್ತು. ಇಷ್ಟು ದಪ್ಪದ ಕಟ್ಟಿನೊಳಗಿಂದ ಹೋಗುವುದಾದರೂ ಎಲ್ಲಿಗೆ? ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮ್ಯಾನೇಜರ್ ಓಡಿ ಬಂದರು. "ಟೆಂಪರೇಚರ್ ಏರಿಸಿದ್ದು ಯಾರು?"

"ನಾನೇ ಸರ್," ಎಂದ ಅವನು.

ಅವಳು ಮುಂದೆ ಬಂದಳು. "ಇಲ್ಲ ಸರ್, ನಾನು! ಅವರು ಬೇಡ ಅಂದ್ರೂ ಕೇಳ್ಲಿಲ್ಲ. ಇನ್ನೊಂದೇ ಒಂದು ಸಲ... ಅವರು ಹೇಳಿದ ಹಾಗೆ ಮಾಡ್ತೀನಿ."

ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿದರು. "ಸಂಜೆಯೊಳಗೆ ಆಗ್ಬೇಕು. ಅಷ್ಟೇ."

ಹೊಸ ದಾರ ಪೋಣಿಸುವಾಗ, ಸುರುಳಿ ಸುತ್ತುವ ವಿಭಾಗದಲ್ಲಿದ್ದ ಅವನ ಅಕ್ಕ ಅವಳ ಕಿವಿಯಲ್ಲಿ ಉಸುರಿದಳು. "ಶಾಲೇಲಿ ಪುಸ್ತಕ ಮುಟ್ದೋನಲ್ಲ ಮೇಡಂ. ನಿಮ್ಮ ರಿಪೋರ್ಟ್ ಮಾತ್ರ ಮೂರು ಸಲ ಓದಿದಾನೆ!"

ಅವಳ ಕೆನ್ನೆ ಕೆಂಪಾಯಿತು. ಓವನ್ ಶಾಖಕ್ಕೇ ಇರಬೇಕು... ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಹತ್ತು ಡಿಗ್ರಿ ಇಳಿಸಿದ ಶಾಖದಲ್ಲಿ ದಾರ ಹಳದಿಯಾಯಿತು, ಕಂದು ಬಣ್ಣಕ್ಕೆ ತಿರುಗಿತು... ಐದು ಗಂಟೆಗೆ ಮಿರಮಿರ ಮಿಂಚುವ ಕಪ್ಪು ಎಳೆಗಳು ಒಂದೂ ತುಂಡಾಗದೆ ಸುರುಳಿಗೆ ಬಂದವು! ಮ್ಯಾನೇಜರ್ ಅವಳ ಕೈ ಕುಲುಕಿ, ಉತ್ಪಾದನೆ ಶುರು ಎಂದು ಸಾರಿಬಿಟ್ಟರು.

"ನನ್ನ ತಪ್ಪನ್ನ ನೀವ್ಯಾಕೆ ತಲೆ ಮೇಲೆ ಹಾಕ್ಕೊಂಡ್ರಿ?" ಅವಳು ಮೆಲ್ಲಗೆ ಕೇಳಿದಳು.

"ಎಲ್ಲಿ ನಿಮ್ಮನ್ನ ವಾಪಸ್ ಕಳಿಸ್ಬಿಡ್ತಾರೋ ಅಂತ ಭಯ." ಅವನು ತಲೆ ಕೆರೆದುಕೊಂಡ. "ಈಗ ಗೆದ್ರಿ... ಹೇಗೂ ಹೊರಟುಬಿಡ್ತೀರಿ."

"ಇರು ಅಂತ ಯಾರಾದ್ರೂ ಅಂದ್ರೆ ತಾನೇ ಇರೋದು?"

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಇದ್ಬಿಡಿ. ಜೀವನಪೂರ್ತಿ."

ಅವಳ ಕಣ್ಣು ತುಂಬಿತು. "ಹ್ಞೂಂ... ಆದ್ರೆ ಅಕ್ಕಂಗೆ ನೀವೇ ಹೇಳಿ. ನಂಗೆ ನಾಚಿಕೆ."

"ಹೇಳೋದೇನು ಬಂತು? ನಿಮ್ಮ ಹಿಂದೇನೇ ನಿಂತಿದಾಳೆ!"